ದಾರೆಹುಳಿಯ ಅಚ್ಚು, ಎರಡೂವರೆ ಮೀಟರ್ ಬಟ್ಟೆ

ಬಟ್ಟೆ ಮೇಲೆ ಒಂದು ಹೂ ಒತ್ತುವುದು ಬೇರೆ, ಅಂಚಿಂದ ಅಂಚಿಗೆ ಡಿಸೈನ್ ತುಂಬಿದ ಒಂದು ಪೀಸ್ ಬಟ್ಟೆ ಮಾಡುವುದು ಬೇರೆ. ಅಚ್ಚು ಅದೇ, ಬಣ್ಣ ಅದೇ, ಆದ್ರೆ ಎರಡನೆಯದಕ್ಕೆ ಕೂತ್ಕೊಂಡ್ರೆ ತಲೆಬಿಸಿ ಪೂರಾ ಒಂದು ಅಚ್ಚಿಗೂ ಇನ್ನೊಂದು ಅಚ್ಚಿಗೂ ನಡುವೆ ಉಳಿಯುವ ಖಾಲಿ ಜಾಗದ್ದು. ನಂಗೆ ಬೇಕಾಗಿದ್ದದ್ದು ಎರಡನೆಯದ್ದೇ. ಬ್ಯಾಗಿನ ಮೂಲೆಗೆ ಒಂದು ಎಲೆ, ಕರ್ಚೀಫಿಗೆ ಒಂದು ಹಕ್ಕಿ ಅಂತ ಅಲ್ಲ, ಟೈಲರ್ ಕೈಗೆ ಕೊಟ್ಟು "ಇದ್ರಲ್ಲಿ ಕುರ್ತಾ ಹೊಲಿಯಿರಿ" ಅಂತ ಹೇಳ್ಲಿಕ್ಕೆ ಆಗುವಂಥ ಬಟ್ಟೆ. ಉಡುಪಿಯಲ್ಲಿ ನಮ್ಮ ಮನೆಯ ಊಟದ ಟೇಬಲ್ ಮೇಲೆ ಅದನ್ನು ಮಾಡಿದೆ. ಹೇಗೆ ಮಾಡಿದೆ ಅಂತ ಸುಮಾರು ಜನ ಕೇಳಿದ್ರು, ಅದಕ್ಕೆ ಉದ್ದಕ್ಕೆ ಬರೀತಾ ಇದ್ದೇನೆ.

ಆಕಾರ ಹುಡುಕ್ಲಿಕ್ಕೆ ಎಲ್ಲಿಗೂ ಹೋಗ್ಬೇಕು ಅಂತ ಇಲ್ಲ. ಅಡಿಗೆಮನೆಯ ಕತ್ತಿ ತಗೊಂಡು ಹಿತ್ತಲಲ್ಲಿ ಇದ್ದದ್ದನ್ನೆಲ್ಲ ಅಡ್ಡ ಕೊಯ್ದು ನೋಡಿ. ಬೆಂಡೆಕಾಯಿ ಕೊಯ್ದ್ರೆ ಐದು ಮೂಲೆಯ ಹೂ, ಹೀರೆಕಾಯಿಗೆ ಸುತ್ತ ಹತ್ತು ಏಣು, ಬಾಳೆ ಎಲೆಯ ದಂಟು ಕೊಯ್ದ್ರೆ ಅರ್ಧಚಂದ್ರ, ಅದ್ರ ಒಳಗೆ ಸಣ್ಣ ಸಣ್ಣ ಕೋಣೆ. ದಂಟನ್ನು ಬಣ್ಣಕ್ಕೆ ಅದ್ದಿ ಒತ್ತಿದ್ರೆ ಆ ಕೋಣೆಗಳ ಗೋಡೆ ಮಾತ್ರ ಬಲೆಯ ಹಾಗೆ ಬಟ್ಟೆಗೆ ಬೀಳ್ತದೆ, ಅಷ್ಟು ಸೂಕ್ಷ್ಮ ಗೆರೆ ನಾವು ಕೆತ್ತಿ ಮಾಡ್ಲಿಕ್ಕೆ ಹೋದ್ರೆ ಕಷ್ಟವೇ. ಅಡಿಕೆ ಹೋಳಿನ ಒಳಗಿನ ಬಿಳಿ-ಕಂದು ಬಳ್ಳಿಬಳ್ಳಿ ಡಿಸೈನ್ ಎಲ್ಲದಕ್ಕಿಂತ ಚಂದ, ಆದ್ರೆ ಅದನ್ನು ಹಾಗೇ ಒತ್ತಿದ್ರೆ ಬರೀ ಒಂದು ಗುಂಡು ಕಲೆ ಬರ್ತದೆ, ಯಾಕಂದ್ರೆ ಅಲ್ಲಿ ಇರುವುದು ಬಣ್ಣದ ವ್ಯತ್ಯಾಸ, ಉಬ್ಬು-ತಗ್ಗು ಅಲ್ಲ. ಅಚ್ಚಿಗೆ ಬೇಕಾದದ್ದು ಉಬ್ಬು-ತಗ್ಗು. ಅಡಿಕೆ ಬೇಕಿದ್ರೆ ನೋಡ್ಕೊಂಡು ಕೆತ್ತಬೇಕು.

ನಂಗೆ ಹಿಡಿಸಿದ್ದು ದಾರೆಹುಳಿ, ಅದೇ ಸ್ಟಾರ್ ಫ್ರೂಟ್. ಹಿಂದಿನ ಬಾಗಿಲ ಹತ್ರ ಮರ ಉಂಟು, ಉಪ್ಪಿನಕಾಯಿಗೆ ಹೋಗಿ ಮತ್ತೂ ಉಳೀತದೆ. ಅಡ್ಡ ಕೊಯ್ದ್ರೆ ಐದು ಮೂಲೆಯ ನಕ್ಷತ್ರ, ಕೈಯಲ್ಲಿ ಬಿಡಿಸಿದ ನಕ್ಷತ್ರಕ್ಕಿಂತ ಅದು ಒಳ್ಳೇದು ಯಾಕಂದ್ರೆ ಮೂಲೆಗಳು ಚೂಪಾಗಿಲ್ಲ, ಸ್ವಲ್ಪ ಉರುಟು, ಒಂದು ತೋಳು ಇನ್ನೊಂದಕ್ಕಿಂತ ಚೂರು ದಪ್ಪ. ಮೊದ್ಲು ಹಣ್ಣನ್ನೇ ಒತ್ತಿ ನೋಡಿದೆ. ಕೊಯ್ದ ಮುಖವನ್ನು ಪೇಪರ್ ಮೇಲೆ ಕವುಚಿ ಸ್ವಲ್ಪ ಹೊತ್ತು ಬಿಡಬೇಕು, ಇಲ್ಲಾಂದ್ರೆ ರಸ ಬಣ್ಣಕ್ಕೆ ಸೇರಿ ತೆಳು ಆಗ್ತದೆ. ಹಣ್ಣು, ತರಕಾರಿಯ ಅಚ್ಚು ಕೆಲವು ಗಂಟೆ ಮಾತ್ರ, ಆಮೇಲೆ ಮೆತ್ತಗಾಗಿ ಅಂಚು ಹೋಗ್ತದೆ, ಅದ್ರಲ್ಲಿ ಮೀಟರ್ ಗಟ್ಟಲೆ ಬಟ್ಟೆ ಆಗುವುದಿಲ್ಲ. ಆದ್ರೆ ಆಕಾರ ಗೊತ್ತಾಗ್ಲಿಕ್ಕೆ ಅದಕ್ಕಿಂತ ಒಳ್ಳೆ ಉಪಾಯ ಬೇರೆ ಇಲ್ಲ.

ಆಮೇಲೆ ಆ ಹೋಳನ್ನೇ ಕಾಗದದ ಮೇಲಿಟ್ಟು ಪೆನ್ಸಿಲಲ್ಲಿ ಸುತ್ತ ಗೆರೆ ಎಳೆದು, ಆ ಕಾಗದವನ್ನು ರಬ್ಬರ್ ಮೇಲೆ ಕವುಚಿ ಉಗುರಲ್ಲಿ ಉಜ್ಜಿದೆ, ಪೆನ್ಸಿಲ್ ಗೆರೆ ರಬ್ಬರಿಗೆ ಇಳೀತದೆ. ಹೀಗೆ ಮಾಡಿದ್ರೆ ಚಿತ್ರ ಅಲ್ಲಿ ಉಲ್ಟಾ ಬೀಳ್ತದೆ, ಒತ್ತುವಾಗ ಮತ್ತೆ ಸರಿ ಆಗ್ತದೆ, ಅಕ್ಷರ ಕೆತ್ತುವವರಿಗೆ ಇದು ಮುಖ್ಯ. ಸಣ್ಣ ಅಚ್ಚಿಗೆ ಮಕ್ಕಳ ದೊಡ್ಡ ಇರೇಸರ್ ಸಾಕು. ನಕ್ಷತ್ರ ಎರಡೂವರೆ ಇಂಚು ಬೇಕಿತ್ತು, ಅದಕ್ಕೆ ಕೆತ್ತಲಿಕ್ಕಂತಲೇ ಸಿಗುವ ಮೆತ್ತಗಿನ ರಬ್ಬರ್ ಶೀಟ್ ತಂದೆ. ಕೆತ್ತಲಿಕ್ಕೆ ಲೈನೋ ಕಟ್ಟರ್, ಅದ್ರಲ್ಲಿ ವಿ ಆಕಾರದ ಬ್ಲೇಡ್ ಗೆರೆಗೆ, ಯು ಆಕಾರದ್ದು ಜಾಗ ಖಾಲಿ ಮಾಡ್ಲಿಕ್ಕೆ. ಬ್ಲೇಡನ್ನು ಯಾವಾಗಲೂ ಚಿತ್ರದಿಂದ ಹೊರಗೆ ವಾಲಿಸಿ ಹಿಡೀಬೇಕು, ಉಳಿಯುವ ಗೆರೆ ಮೇಲೆ ತೆಳು, ಬುಡದಲ್ಲಿ ಅಗಲ ಇರಬೇಕು. ಬುಡ ಕೊರೆದು ಹೋದ್ರೆ ಹತ್ತು ಸಲ ಒತ್ತುವಾಗ ಗೆರೆ ವಾಲ್ತದೆ, ಮತ್ತೆ ತುಂಡಾಗ್ತದೆ. ರಬ್ಬರನ್ನೇ ತಿರುಗಿಸ್ತಾ ಹೋಗ್ಬೇಕು, ಕೈ ಒಂದೇ ದಿಕ್ಕಲ್ಲಿ ಇರ್ಲಿ. ಇನ್ನೊಂದು ಕೈಯ ಬೆರಳು ಬ್ಲೇಡಿನ ಹಿಂದೆ ಇರ್ಲಿ, ಇದನ್ನು ಮಾತ್ರ ಮರೀಬೇಡಿ.

ಹಿಡಿಗೆ ಮರ ಬೇಕಿತ್ತು. ನಮ್ಮ ಬೀದಿಯ ಕೊನೆಗೆ ಒಬ್ರು ಆಚಾರಿಯವರ ಶೆಡ್ ಉಂಟು, ಅಲ್ಲಿ ಹಲಸಿನ ಮರದ ತುಂಡುಗಳು ಬಿದ್ದಿರ್ತವೆ. "ಎಂತ ಮಾಡ್ಲಿಕ್ಕೆ ಅಕ್ಕ ಇಷ್ಟು ಸಣ್ಣದು?" ಅಂತ ಕೇಳಿದ್ರು. ಬಟ್ಟೆಗೆ ಅಚ್ಚು ಹಾಕ್ಲಿಕ್ಕೆ ಅಂದೆ. ರಬ್ಬರ್ ನಕ್ಷತ್ರ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ತುಂಡನ್ನು ಚೌಕಕ್ಕೆ ಕೊಯ್ದು, ನಾಲ್ಕು ಬದಿಗೂ ನಡು ಎಲ್ಲಿ ಬರ್ತದೆ ಅಂತ ಗರಗಸದಲ್ಲಿ ಒಂದೊಂದು ಸಣ್ಣ ಕಚ್ಚು ಹಾಕಿ ಕೊಟ್ರು. "ಮೇಲಿಂದ ನೋಡುವಾಗ ಅಚ್ಚು ಕಾಣುದಿಲ್ಲ ಅಲ್ಲಾ, ಈ ಕಚ್ಚು ನೋಡಿ ಇಡಿ, ಗೆರೆಗೆ ಸಮ ಕೂರ್ತದೆ" ಅಂದ್ರು. ಕೊನೆಗೆ ಬಟ್ಟೆ ಸಮ ಬಂದದ್ದು ಆ ನಾಲ್ಕು ಕಚ್ಚಿಂದ ಅಂತ ನಾನು ಹೇಳ್ತೇನೆ. ರಬ್ಬರನ್ನು ಮರಕ್ಕೆ ಅಂಟಿಸ್ಲಿಕ್ಕೆ ಮರದ ಗಮ್ ಆಗುವುದಿಲ್ಲ, ತೊಳೆದ ಕೂಡ್ಲೇ ಬಿಡ್ತದೆ. ಚಪ್ಪಲಿ ರಿಪೇರಿಯವರು ಹಾಕುವ ರಬ್ಬರ್ ಗಮ್ ಬೇಕು, ಎರಡೂ ಬದಿಗೆ ಹಚ್ಚಿ, ಮುಟ್ಟಿದ್ರೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು.

ಗುಜರಾತಿನ ಪೇಥಾಪುರದಲ್ಲಿ ಅಚ್ಚು ಕೆತ್ತುವುದೇ ಕಸುಬು, ಅವ್ರು ಸಾಗುವಾನಿ ಮರದಲ್ಲಿ ಮಾಡ್ತಾರೆ. ದೊಡ್ಡ ಅಚ್ಚಾದ್ರೆ ಮರದಲ್ಲಿ ಆಚೆಯಿಂದ ಈಚೆಗೆ ಸಣ್ಣ ತೂತು ಕೊರೀತಾರೆ, ಒತ್ತುವಾಗ ಸಿಕ್ಕಿಕೊಂಡ ಗಾಳಿಯೂ ಹೆಚ್ಚಾದ ಬಣ್ಣವೂ ಅದ್ರಿಂದ ಹೊರಗೆ ಹೋಗ್ತದೆ. ಒಂದೇ ಡಿಸೈನಿಗೆ ಗೆರೆಯ ಅಚ್ಚು ಬೇರೆ, ಒಳಗೆ ತುಂಬುವ ಅಚ್ಚು ಬೇರೆ, ಹಿನ್ನೆಲೆಗೆ ಬೇರೆ. ರೇಖ್, ದತ್ತಾ, ಗದ್ ಅಂತ ಹೆಸರು. ನಾನು ಇಟ್ಟುಕೊಂಡದ್ದು ಎರಡೇ, ನಕ್ಷತ್ರ ಒಂದು, ಮತ್ತೆ ಜೊತೆಗೆ ಒಂದು ಸಣ್ಣದು, ಅದ್ರ ಕಥೆ ಮುಂದೆ ಹೇಳ್ತೇನೆ.

ಬಟ್ಟೆ ವಿಷಯ. ಮೊದ್ಲು ಮನಸ್ಸಿಗೆ ಬಂದದ್ದು ಉಡುಪಿ ಸೀರೆ. 2016ರಲ್ಲಿ ಅದಕ್ಕೆ ಜಿಐ ಅಂದ್ರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಶಿವಳ್ಳಿಯಲ್ಲೂ ತಾಳಿಪಾಡಿಯಲ್ಲೂ ನೇಕಾರರ ಸಂಘ ಉಂಟು, ಕೈಮಗ್ಗದ ಹತ್ತಿ ಎಷ್ಟು ಹಗುರ ಅಂತ ಉಟ್ಟವರಿಗೆ ಗೊತ್ತು. ಆದ್ರೆ ಅದ್ರ ಮೇಲೆ ಅಚ್ಚು ಒತ್ಲಿಕ್ಕೆ ನಂಗೆ ಮನಸ್ಸು ಬರ್ಲಿಲ್ಲ. ಅದ್ರ ಅಂಚು, ಚೌಕುಳಿ ಎಲ್ಲ ನೂಲಲ್ಲೇ ನೇಯ್ದು ಬಂದದ್ದು, ನಮ್ಮ ಡಿಸೈನ್ ಅದ್ರ ಮೇಲೆ ಕೂತ್ರೆ ಎರಡಕ್ಕೂ ಜಾಗ ಇಲ್ಲ. ಹಾಗಾಗಿ ಬಟ್ಟೆ ಅಂಗಡಿಯಿಂದ ಬಿಳಿ ಕಾಟನ್ ಎರಡೂವರೆ ಮೀಟರ್, 44 ಇಂಚು ಪನ್ನ. ಪಾಲಿಸ್ಟರ್ ಸೇರಿದ್ದು ಬೇಡ, ಬಣ್ಣ ಕಾಟನಿನಷ್ಟು ಚೆನ್ನಾಗಿ ಹಿಡಿಯುವುದಿಲ್ಲ.

ಅಂಗಡಿಯಿಂದ ತಂದ ಬಟ್ಟೆಯಲ್ಲಿ ಗಂಜಿ ಇರ್ತದೆ. ನಾನು ಬಟ್ಟೆ ಹರಡುವುದು ನೋಡಿ ಅಮ್ಮ, "ಅದನ್ನು ಮೊದ್ಲು ಬಿಸಿನೀರಿಗೆ ಹಾಕು ಮಾರಾಯ್ತಿ, ಗಂಜಿ ಹೋಗ್ದೆ ಎಂತ ಹಿಡೀತದೆ ಅದ್ರಲ್ಲಿ" ಅಂದ್ರು. ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಿ, ಚೆನ್ನಾಗಿ ಒಗೆದು, ಒಣಗಿಸಿ, ಇಸ್ತ್ರಿ ಹಾಕಿದೆ. ಗಂಜಿ ಹೋಯ್ತಾ ಅಂತ ನೋಡ್ಲಿಕ್ಕೆ ಒಂದು ಹನಿ ನೀರು ಹಾಕಿ, ಹನಿ ಮೇಲೆ ನಿಂತ್ರೆ ಇನ್ನೂ ಉಂಟು, ಕೂಡ್ಲೇ ಹೀರ್ಕೊಂಡ್ರೆ ಬಟ್ಟೆ ತಯಾರು. ಹೀಗೆ ಮಾಡಿದ್ರೆ ಬಟ್ಟೆ ಎಷ್ಟು ಕುಗ್ಗಬೇಕೋ ಅಷ್ಟು ಮೊದ್ಲೇ ಕುಗ್ಗಿ ಬಿಡ್ತದೆ, ಒತ್ತಿದ ಮೇಲೆ ಕುಗ್ಗಿದ್ರೆ ಡಿಸೈನೂ ಜೊತೆಗೆ ಕುಗ್ತದೆ.

ಈಗ ಆ ಖಾಲಿ ಜಾಗದ ವಿಷಯ, ನಾನು ಜಾಸ್ತಿ ಸಮಯ ಕೂತದ್ದು ಇದಕ್ಕೇ. ಕಾಗದದ ಮೇಲೆ ನಕ್ಷತ್ರ ಸುಮಾರು ಒತ್ತಿ, ಒಂದೊಂದನ್ನೇ ಕತ್ತರಿಸಿ, ನೆಲದ ಮೇಲೆ ಜೋಡಿಸಿ ನೋಡಿದೆ. ಸಾಲಾಗಿ, ಕೆಳಗೂ ಪಕ್ಕಕ್ಕೂ ಸಮ ಇಟ್ರೆ ಕಣ್ಣು ನಕ್ಷತ್ರ ನೋಡುವುದೇ ಇಲ್ಲ, ನಡುವೆ ಬಿಟ್ಟ ಬಿಳಿ ದಾರಿ ನೋಡ್ತದೆ, ಉದ್ದಕ್ಕೊಂದು ಅಡ್ಡಕ್ಕೊಂದು ಗೆರೆ ಎಳೆದ ಹಾಗೆ. ಎರಡನೇ ಕಂಬಸಾಲನ್ನು ಅರ್ಧ ಅಂತರ ಕೆಳಗೆ ಇಳಿಸಿದ್ರೆ, ಮೊದಲ ಸಾಲಿನ ಎರಡು ನಕ್ಷತ್ರಗಳ ನಡುವಿನ ಜಾಗಕ್ಕೆ ಸರಿಯಾಗಿ ಪಕ್ಕದ ಸಾಲಿನದ್ದು ಬಂದು ಕೂರ್ತದೆ, ದಾರಿ ಮುಚ್ಚಿ ಹೋಗ್ತದೆ. ಪ್ರಿಂಟಿನವರು ಇದಕ್ಕೆ ಹಾಫ್ ಡ್ರಾಪ್ ಹೇಳ್ತಾರೆ. ನಿಮ್ಮ ಮನೆಯಲ್ಲಿರುವ ಹೂವಿನ ಪ್ರಿಂಟಿನ ಬಟ್ಟೆ ಯಾವುದಾದ್ರೂ ತೆಗೆದು ಒಂದೇ ಹೂ ಮತ್ತೆ ಎಲ್ಲಿ ಬಂದಿದೆ ಅಂತ ಬೆರಳಿಟ್ಟು ಹುಡುಕಿ, ತುಂಬ ಬಟ್ಟೆಯಲ್ಲಿ ಇದೇ ಸಿಗ್ತದೆ.

ಆದ್ರೂ ಐದು ಮೂಲೆಯದ್ದು ಸುಲಭಕ್ಕೆ ಕೂರುವ ಪೈಕಿ ಅಲ್ಲ. ಇದಕ್ಕೆ ಲೆಕ್ಕವೇ ಉಂಟು. ನಾಲ್ಕು ಮೂಲೆಯ ಚೌಕ, ಆರು ಮೂಲೆಯ ಜೇನುಗೂಡು, ಮೂರು ಮೂಲೆಯ ತ್ರಿಕೋನ, ಇವುಗಳಲ್ಲಿ ನೆಲ ಪೂರ್ತಿ ತುಂಬಿಸ್ಬಹುದು, ಸಮನಾದ ಐದು ಮೂಲೆಯದ್ದರಲ್ಲಿ ಆಗುವುದೇ ಇಲ್ಲ. ಅದ್ರ ಒಂದೊಂದು ಮೂಲೆ 108 ಡಿಗ್ರಿ, ಮೂರು ಸೇರಿದ್ರೆ 324, ಒಂದು ಸುತ್ತಿಗೆ ಬೇಕಾದದ್ದು 360, ಉಳಿದ 36 ಡಿಗ್ರಿಯಲ್ಲಿ ನಾಲ್ಕನೆಯದಕ್ಕೆ ಜಾಗ ಇಲ್ಲ. ನಕ್ಷತ್ರ ಆದ್ರಂತೂ ನಡುವೆ ಉಳಿಯುವ ಬಿಳಿ ಒಂದು ಕಡೆ ದೊಡ್ಡದು ಒಂದು ಕಡೆ ಸಣ್ಣದು, ಹೇಗೆ ಇಟ್ರೂ. ಇದು ಗೊತ್ತಾದ ಮೇಲೆ ನಂಗೆ ಮನಸ್ಸು ಹಗುರ ಆಯ್ತು, ಯಾಕಂದ್ರೆ ಜಾಗ ಉಳಿಯದ ಹಾಗೆ ಮಾಡುವುದಲ್ಲ, ಉಳಿದ ಜಾಗಕ್ಕೆ ಎಂತ ಕೊಡುವುದು ಅಂತ ಯೋಚನೆ ಮಾಡಿದ್ರೆ ಸಾಕು. ಒಂದು ಸಾಲಿನ ನಕ್ಷತ್ರದ ತುದಿ ಮೇಲೆ, ಪಕ್ಕದ ಸಾಲಿನದ್ದು ಕೆಳಗೆ ಮಾಡಿದೆ, ಉಳಿದ ಬಿಳಿ ಎಲ್ಲ ಹೆಚ್ಚುಕಡಿಮೆ ಒಂದೇ ಆಕಾರದ್ದು ಬಂತು, ಅದ್ರೊಳಗೆ ಒಂದು ಮಲ್ಲಿಗೆ ಮೊಗ್ಗು. ಉಡುಪಿಯವರಿಗೆ ಮಲ್ಲಿಗೆ ಬಿಟ್ರೆ ಮತ್ತೆಂತ ನೆನಪಾಗ್ತದೆ ಹೇಳಿ. ಶಂಕರಪುರದ ಮಲ್ಲಿಗೆಯ ಮೊಗ್ಗು ಉದ್ದಕ್ಕೆ, ತೆಳು, ಕೆಳಗೆ ಪುಟ್ಟ ತೊಟ್ಟು. ಇರೇಸರಿನ ತುದಿಯಲ್ಲಿ ಅದನ್ನು ಕೆತ್ತಿದೆ. ಮೊದ್ಲು ಹೇಳಿದ ಆ ಸಣ್ಣ ಅಚ್ಚು ಇದೇ.

ಟೈಲರ್ ಹತ್ರ ಒತ್ತುವ ಮೊದ್ಲೇ ಹೋಗಿ ಮಾತಾಡಿ ಬಂದದ್ದು ಒಳ್ಳೇದಾಯ್ತು. ಕಾಗದದ ಡಿಸೈನ್ ನೋಡಿ ಅವ್ರು ಕೇಳಿದ್ದು ಒಂದೇ, "ಒನ್ ವೇ ಅಲ್ಲ ಅಲ್ವಾ ಅಕ್ಕ? ಒನ್ ವೇ ಆದ್ರೆ ಬಟ್ಟೆ ಜಾಸ್ತಿ ಬೇಕು, ಹಿಂದೆ ಮುಂದೆ ಒಂದೇ ದಿಕ್ಕಿಗೆ ಇಟ್ಟು ಕಟ್ ಮಾಡ್ಬೇಕಾಗ್ತದೆ." ಒಂದು ಸಾಲು ಮೇಲೆ ಒಂದು ಸಾಲು ಕೆಳಗೆ ಇದ್ದ ಕಾರಣ ನಕ್ಷತ್ರಕ್ಕೆ ಆ ತೊಂದರೆ ಇರ್ಲಿಲ್ಲ. ಮೊಗ್ಗಿಗೂ ಹಾಗೇ ಮಾಡಿದೆ, ಒಂದು ತಲೆ ಮೇಲೆ, ಮತ್ತೊಂದು ಕೆಳಗೆ.

ಬಣ್ಣಕ್ಕೆ ಎರಡು ದಾರಿ. ಸಣ್ಣ ಬಾಟಲಿಯ ಫ್ಯಾಬ್ರಿಕ್ ಪೇಂಟ್ ಎಲ್ಲ ಸ್ಟೇಷನರಿ ಅಂಗಡಿಯಲ್ಲೂ ಸಿಗ್ತದೆ, ಕಲೀಲಿಕ್ಕೆ ಅದು ಸಾಕು. ಮೀಟರ್ ಲೆಕ್ಕದ ಬಟ್ಟೆಗೆ ಸ್ಕ್ರೀನ್ ಪ್ರಿಂಟಿಂಗ್ ಸಾಮಾನಿನ ಅಂಗಡಿಯಿಂದ ಬೈಂಡರ್ ಮತ್ತೆ ಪಿಗ್ಮೆಂಟ್ ತಂದ್ರೆ ಖರ್ಚು ಕಡಿಮೆ, 100 ಗ್ರಾಂ ಬೈಂಡರಿಗೆ 3ರಿಂದ 5 ಗ್ರಾಂ ಪಿಗ್ಮೆಂಟ್ ಹಾಕಿದ್ರೆ ಗಟ್ಟಿ ಬಣ್ಣ ಬರ್ತದೆ. ಬೈಂಡರ್ ಅಂದ್ರೆ ಬಣ್ಣದ ಪುಡಿಯನ್ನು ನೂಲಿಗೆ ಅಂಟಿಸಿ ಹಿಡಿಯುವ ಪಸೆ. ನೀರು ಹಾಕ್ಬೇಡಿ, ಹಾಕಿದ್ರೆ ಬಣ್ಣ ನೂಲಿನ ಗುಂಟ ಹರಿದು ಅಂಚು ಮಸುಕಾಗ್ತದೆ. ನೀರುದೋಸೆ ಹಿಟ್ಟಿನ ಹಾಗಲ್ಲ, ಉದ್ದಿನ ದೋಸೆ ಹಿಟ್ಟಿನ ಹದ ಬೇಕು. ನಂಗೆ ಬೇಕಿದ್ದ ಬಣ್ಣ ಮುರಕಲ್ಲಿನದ್ದು, ಮಳೆಗೆ ನೆನೆದ ಮುರಕಲ್ಲಿನ ಕೆಂಪು. ಕೆಂಪಿಗೆ ಕಂದು ಸೇರಿಸಿ, ಒಂದು ಚೂರು ಹಸಿರು ಸೇರಿಸಿದ ಮೇಲೆ ಕೆಂಪಿನ ಹೊಳಪು ಇಳಿದು ಅದು ಬಂತು. ಮೊಗ್ಗಿಗೆ ಕಡು ಹಸಿರು. ಬೇಕಾದ ಬಣ್ಣ ಪೂರ್ತಿ ಒಂದೇ ಸಲ ಕಲಸಿ ಮುಚ್ಚಳದ ಡಬ್ಬದಲ್ಲಿ ಇಟ್ಕೊಳ್ಬೇಕು, ಮಧ್ಯದಲ್ಲಿ ಮುಗಿದ್ರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ.

ಅಚ್ಚನ್ನು ಸೀದಾ ಬಣ್ಣಕ್ಕೆ ಅದ್ದುವುದಲ್ಲ. ಸ್ಟೀಲ್ ತಟ್ಟೆಯಲ್ಲಿ ತೆಳು ಸ್ಪಂಜ್ ಶೀಟ್, ಅದ್ರ ಮೇಲೆ ಹಳೇ ಪಂಚೆಯ ಒಂದು ತುಂಡು, ಅದಕ್ಕೆ ಬಣ್ಣ ಹಾಕಿ ಚಮಚದಲ್ಲಿ ಸವರಿದ್ರೆ ಅದೇ ಪ್ಯಾಡ್. ಅದ್ರ ಮೇಲೆ ಅಚ್ಚನ್ನು ಎರಡು ಸಲ ಮೆಲ್ಲ ತಟ್ಟಿದ್ರೆ ಉಬ್ಬಿದ ಜಾಗಕ್ಕೆ ಮಾತ್ರ ಬಣ್ಣ ಹಿಡೀತದೆ. ಫ್ಯಾನ್ ಆಫ್. ಇದಕ್ಕಾಗಿಯೇ ನಾನು ದೀಪಾವಳಿ ಕಳೆದ ಮೇಲೆ ಶುರು ಮಾಡಿದ್ದು, ಏಪ್ರಿಲ್ ಮೇಯಲ್ಲಿ ನಮ್ಮ ಊರಲ್ಲಿ ಫ್ಯಾನ್ ಇಲ್ಲದೆ ಕೂರ್ಲಿಕ್ಕೆ ಆಗುವುದಿಲ್ಲ, ಬೆವರು ಬಟ್ಟೆಗೇ ಬೀಳ್ತದೆ. ಜೂನ್ ಮೇಲೆ ಮಳೆ, ಒತ್ತಿದ್ದು ಒಣಗ್ಲಿಕ್ಕೆ ಹೊತ್ತು, ಬಟ್ಟೆ ಮಡಚಿ ಇಟ್ರೆ ಬೂಸ್ಟು. ನವೆಂಬರಿಂದ ಫೆಬ್ರವರಿ ತನಕ ಈ ಕೆಲಸಕ್ಕೆ ಬಂಗಾರದಂಥ ಸಮಯ.

ಟೇಬಲ್ ಗಟ್ಟಿ ಇದ್ರೆ ಅಚ್ಚು ಅಲ್ಲಲ್ಲಿ ಬಿಟ್ಟು ಬಿಟ್ಟು ಬೀಳ್ತದೆ. ಹಳೇ ಕಂಬಳಿ ಮಡಚಿ ಹಾಸಿ, ಅದ್ರ ಮೇಲೆ ಪ್ಲಾಸ್ಟಿಕ್ ಶೀಟ್, ಅದ್ರ ಮೇಲೆ ಒಂದು ಹಳೇ ಬೆಡ್‌ಶೀಟ್, ಆಮೇಲೆ ಬಟ್ಟೆ, ಸುತ್ತ ಗುಂಡುಸೂಜಿ. ಕೆಳಗೆ ಮೆತ್ತಗಿದ್ರೆ ಬಟ್ಟೆ ಅಚ್ಚಿನ ಉಬ್ಬಿಗೆ ಸರಿಯಾಗಿ ತಾಗ್ತದೆ. ಗೆರೆಗೆ ಪೆನ್ ಬೇಡ. ಬಟ್ಟೆಯನ್ನು ನಾಲ್ಕು ಇಂಚಿಗೊಂದು ಮಡಚಿ ಇಸ್ತ್ರಿ ಒತ್ತಿದ್ರೆ ಮಡಿಕೆಯೇ ಗೆರೆ, ಒಗೆದ್ರೆ ಹೋಯ್ತು. ಅಡ್ಡಕ್ಕೆ ಟೈಲರ್ ಚಾಕಲ್ಲಿ ಎರಡೆರಡು ಇಂಚಿಗೆ ಸಣ್ಣ ಗುರುತು. ಆಚಾರಿಯವರು ಹಾಕಿದ ಕಚ್ಚನ್ನು ಆ ಮಡಿಕೆಗೆ ಕೂಡಿಸಿ ಅಚ್ಚಿಟ್ಟು, ಅಂಗೈಯ ಬುಡದಿಂದ ಒತ್ತಿ, ಅಲುಗಾಡಿಸದೆ ಸೀದಾ ಮೇಲೆ ಎತ್ತಬೇಕು. ನಾಲ್ಕು ಇಂಚಿಗೊಂದರ ಹಾಗೆ ಎರಡೂವರೆ ಮೀಟರಿಗೆ ಇನ್ನೂರೈವತ್ತರ ಮೇಲೆ ನಕ್ಷತ್ರ ಬೇಕಾಗ್ತದೆ. ನಕ್ಷತ್ರ ಎಲ್ಲ ಮುಗಿದು ಒಣಗಿದ ಮೇಲೆ ಮೊಗ್ಗು.

ಒತ್ತುತ್ತಾ ಹೋದ ಹಾಗೆ ಒಂದು ಹದ ಬರ್ತದೆ, ತಟ್ಟು, ಇಡು, ಒತ್ತು, ಎತ್ತು. ಮಾತು ಕಡಿಮೆ ಆಗ್ತದೆ. ಅಕ್ಕನ ಮಗಳು ಪಕ್ಕದಲ್ಲಿ ಕೂತು ಪ್ಯಾಡಿಗೆ ಬಣ್ಣ ಸವರ್ತಾ ಇದ್ದವಳು, "ಚಿಕ್ಕಮ್ಮ, ಇದೊಂದು ತೆಳು ಬಿತ್ತು, ಇದೊಂದು ದಪ್ಪ ಬಿತ್ತು" ಅಂತ ಹೇಳ್ತಾ ಇದ್ಲು. ಬೀಳ್ಲಿ. ಮಿಷನ್ ಪ್ರಿಂಟಲ್ಲಿ ಎಲ್ಲ ನಕ್ಷತ್ರವೂ ಒಂದೇ, ಇಲ್ಲಿ ಬಣ್ಣ ತುಂಬಿದ ಅಚ್ಚು, ಮುಗೀಲಿಕ್ಕೆ ಬಂದ ಅಚ್ಚು, ಎರಡೂ ಬಟ್ಟೆಯಲ್ಲಿ ಕಾಣ್ತದೆ, ದೂರದಿಂದ ನೋಡಿದ್ರೆ ಬಟ್ಟೆಗೆ ಜೀವ ಬಂದದ್ದು ಆ ವ್ಯತ್ಯಾಸದಿಂದಲೇ. ಆದ್ರೆ ಜಾಗ ಮಾತ್ರ ತಪ್ಪಬಾರದು. ಬಣ್ಣ ಹೆಚ್ಚುಕಡಿಮೆ ಆದದ್ದನ್ನು ಕಣ್ಣು ಒಪ್ತದೆ, ಅಂತರ ಹೆಚ್ಚುಕಡಿಮೆ ಆದ್ರೆ ಒಪ್ಪುವುದಿಲ್ಲ.

ನೆರಳಲ್ಲಿ ಒಂದು ದಿನ ಒಣಗಿಸಿ, ಬಟ್ಟೆ ಮಗುಚಿ ಹಾಕಿ, ಹಿಂದಿನಿಂದ ಕಾಟನ್ ಶಾಖದಲ್ಲಿ, ನೀರು ಚಿಮುಕಿಸದೆ ಇಸ್ತ್ರಿ. ಒಂದೇ ಕಡೆ ನಿಲ್ಲಿಸದೆ, ಆದ್ರೆ ಪ್ರತಿ ಜಾಗಕ್ಕೂ ಸಾಕಷ್ಟು ಬಿಸಿ ತಾಗುವ ಹಾಗೆ. ಬೈಂಡರ್ ಗಟ್ಟಿಯಾಗಿ ಕೂರುವುದು ಆ ಬಿಸಿಯಿಂದಲೇ. ಆಮೇಲೆ ಮೂರು ದಿನ ನೀರು ತಾಗಿಸ್ಲಿಲ್ಲ. ಮೊದಲ ಸಲ ತಣ್ಣೀರಲ್ಲಿ ಕೈಯಲ್ಲಿ ಒಗೆದೆ, ನೀರಿಗೆ ಬಣ್ಣ ಬರ್ಲಿಲ್ಲ. ಒಗೆಯುವ ಕಲ್ಲಿಗೆ ಬಡಿಯುವ ಕೆಲಸ ಇದಕ್ಕೆ ಬೇಡ, ಉಲ್ಟಾ ಮಾಡಿ ಒಗೀರಿ. ಕುರ್ತಾ ಹೊಲಿದು ಬಂದಿದೆ, ಕೈಯ ಹತ್ರ, ಸೈಡಿನ ಜೋಡಣೆ ಹತ್ರ ನಕ್ಷತ್ರ ಅರ್ಧ ಅರ್ಧ ಕಟ್ ಆದದ್ದು ನೋಡಿ ಪೇಟೆಯಲ್ಲಿ ಒಬ್ರು ಯಾವ ಅಂಗಡಿಯ ಬಟ್ಟೆ ಅಂತ ಕೇಳಿದ್ರು, ಅದಕ್ಕಿಂತ ದೊಡ್ಡ ಖುಷಿ ನಂಗೆ ಬೇಡ.

ಅಚ್ಚುಗಳನ್ನು ಕೆಲಸ ಮುಗಿದ ಕೂಡ್ಲೇ ಹಳೇ ಟೂತ್‌ಬ್ರಶ್ಶಲ್ಲಿ ಉಜ್ಜಿ ತೊಳೀಬೇಕು, ಬೈಂಡರ್ ಒಣಗಿದ್ರೆ ಗೆರೆ ತುಂಬಿ ಹೋಗ್ತದೆ. ಬಿಸಿಲಿಗೆ ಇಡಬೇಡಿ. ಇರೇಸರಿನ ಅಚ್ಚನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಬೇಡಿ, ಅದು ಪ್ಲಾಸ್ಟಿಕಿಗೆ ಅಂಟಿ ಕರಗಿದ ಹಾಗಾಗ್ತದೆ, ಕಾಗದದಲ್ಲಿ ಸುತ್ತಿ ಇಡಿ.

ಈಗ ಇದೇ ನಕ್ಷತ್ರವನ್ನು ಬೇರೆ ನಮೂನೆ ಒತ್ತುವ ಆಸೆ ಉಂಟು. ಮೇಲೆ ಹೇಳಿದ ಬಣ್ಣ ಬಟ್ಟೆ ಮೇಲೆ ಅಂಟಿ ಕೂರುವಂಥದ್ದು. ರಾಜಸ್ಥಾನದ ಬಗರೂನಲ್ಲಿ ಮಾಡುವುದು ಬೇರೆ: ಬಟ್ಟೆಯನ್ನು ಮೊದ್ಲು ಅಳಲೆಕಾಯಿ ನೀರಲ್ಲಿ ಅದ್ದಿ ಒಣಗಿಸ್ತಾರೆ, ಬೆಲ್ಲದ ನೀರಲ್ಲಿ ತುಕ್ಕು ಕಬ್ಬಿಣ ಹಾಕಿ ಹುಳಿ ಬರಿಸಿದ ನೀರಿಗೆ ಹುಣಸೆಬೀಜದ ಹಿಟ್ಟು ಹಾಕಿ ದಪ್ಪ ಮಾಡಿ ಅದ್ರಲ್ಲಿ ಅಚ್ಚು ಒತ್ತುತ್ತಾರೆ, ಅಳಲೆಕಾಯಿಯ ಒಗರು ಕಬ್ಬಿಣಕ್ಕೆ ಸೇರಿದ್ದೇ ಕಪ್ಪು ಬರ್ತದೆ. ಒಗರು ಬಟ್ಟೆ ಬಿಡುವುದಿಲ್ಲ ಅಂತ ನಮ್ಗೆ ಹೊಸದಾಗಿ ಯಾರೂ ಹೇಳ್ಬೇಕಾಗಿಲ್ಲ, ಗೇರುಹಣ್ಣು ತಿಂದು ಶರ್ಟಿಗೆ ಕಲೆ ಮಾಡ್ಕೊಂಡು ಬೈಸಿಕೊಳ್ಳದ ಮಕ್ಕಳು ಕರಾವಳಿಯಲ್ಲಿ ಇದ್ದಾರಾ. ಅಳಲೆಕಾಯಿ ಗಂಧಿಗೆ ಅಂಗಡಿಯಲ್ಲಿ ಸಿಕ್ತು, ಹಳೇ ಮೊಳೆ, ಮುರಿದ ಕತ್ತಿ ಆಚಾರಿಯವರ ಶೆಡ್ಡಲ್ಲಿ ಸಿಕ್ತು, ಬೆಲ್ಲ ಮನೆಯಲ್ಲಿ ಉಂಟು. ಅಮ್ಮ ಮಾತ್ರ ಕಬ್ಬಿಣ, ಬೆಲ್ಲ ಹುಳಿ ಬರಿಸುವ ಆ ಮಡಕೆ ಅಡಿಗೆಮನೆ ಒಳಗೆ ಬರುವುದು ಬೇಡ ಅಂತ ಹೇಳಿದ್ದಾರೆ, ಹಾಗಾಗಿ ಹಿಂದಿನ ಕೊಟ್ಟಿಗೆಯಲ್ಲಿ ಮುಚ್ಚಳ ಹಾಕಿ ಇಟ್ಟಿದ್ದೇನೆ.